ಲೋನ್ ಆಪ್ ಸಾಲದ ಕಂತು ತಪ್ಪಿದೆಯೇ? ವಸೂಲಿಯವರನ್ನು ಎದುರಿಸುವ ಸಮಗ್ರ ಮಾರ್ಗದರ್ಶಿ

ಕಂತು ತಪ್ಪಿದ ಮೊದಲ ವಾರ ಹೆಚ್ಚಿನವರು ಫೋನ್ ಸೈಲೆಂಟ್‌ಗೆ ಹಾಕಿ ದಿಂಬಿನ ಕೆಳಗೆ ಇಡುತ್ತಾರೆ. ಎರಡನೇ ವಾರ ಇನ್ನೊಂದು ಆಪ್‌ನಲ್ಲಿ ಸಾಲ ತೆಗೆದು ಮೊದಲನೆಯದಕ್ಕೆ ಕಟ್ಟುತ್ತಾರೆ. ಮೂರನೇ ವಾರಕ್ಕೆ ಅಣ್ಣನಿಗೋ ಆಫೀಸಿನ ಗೆಳೆಯನಿಗೋ ಕರೆ ಹೋಗಿರುತ್ತದೆ. ಅಷ್ಟರಲ್ಲಿ ಒಂದಿದ್ದ ಸಾಲ ನಾಲ್ಕಾಗಿರುತ್ತದೆ.

ಸಂಬಳ ಬರುವ ತನಕ ಇರಲಿ ಅಂತ ಮೊಬೈಲ್‌ನಲ್ಲೇ ತೆಗೆದ ಚಿಕ್ಕ ಸಾಲ, ಹೊತ್ತಿಗೆ ಸರಿಯಾಗಿ ಕಟ್ಟಲಾಗದೆ ನಿಂತಿದ್ದರೆ ಮುಂದೆ ಏನು ಮಾಡಬೇಕು ಅನ್ನುವುದು ಇಲ್ಲಿದೆ. ಸಾಲ ತಪ್ಪಿಸಿಕೊಳ್ಳುವ ಉಪಾಯ ಇದರಲ್ಲಿಲ್ಲ. ತೆಗೆದುಕೊಂಡ ಹಣ ಕೊಡಲೇಬೇಕು. ಆದರೆ ಬೈಗುಳ ಕೇಳಬೇಕು, ಅಮ್ಮನಿಗೆ ಫೋನ್ ಹೋಗುವುದನ್ನು ಸಹಿಸಬೇಕು ಅಂತ ಯಾವ ಕರಾರಿನಲ್ಲೂ ಬರೆದಿಲ್ಲ. ವಸೂಲಿಯವರ ಜೋರೆಲ್ಲ ಬಾಯಿಮಾತಿನಲ್ಲಿದೆ. ಬರಹಕ್ಕೆ ಇಳಿದರೆ ಅವರು ನಿಯಮದ ಒಳಗೆ ನಿಲ್ಲಬೇಕಾಗುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯ ಗುರಿಯೂ ಒಂದೇ: ವ್ಯವಹಾರವನ್ನು ಫೋನಿನಿಂದ ಎಳೆದು ಕಾಗದಕ್ಕೆ ತರುವುದು.

ಹೆಜ್ಜೆ 1: ಸಾಲ ಕೊಟ್ಟವರು ಯಾರು ಅಂತ ಮೊದಲು ಹುಡುಕಿ

ಆಪ್ ಸಾಲ ಕೊಡುವುದಿಲ್ಲ. ಅದು ಬರೀ ಅಂಗಡಿಯ ಮುಂಬಾಗಿಲು. ಹಿಂದೆ ಒಂದು ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಹಣಕಾಸು ಕಂಪನಿ, ಅಂದರೆ ಎನ್‌ಬಿಎಫ್‌ಸಿ, ಇರಬೇಕು. ಸಾಲ ಮಂಜೂರಾದಾಗ ಬಂದ ಕರಾರು ಪತ್ರ, ಇಮೇಲ್, ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅನ್ನುವ ಒಂದೆರಡು ಪುಟದ ಕಾಗದ ಹುಡುಕಿ. ಅದರಲ್ಲಿ ಕಂಪನಿಯ ಹೆಸರು, ವರ್ಷದ ಒಟ್ಟು ಬಡ್ಡಿ ದರ, ಶುಲ್ಕಗಳು, ದೂರು ಅಧಿಕಾರಿಯ ವಿವರ ಎಲ್ಲವೂ ಇರಬೇಕು. ನೋಂದಣಿಯಾದ ಎನ್‌ಬಿಎಫ್‌ಸಿಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. 2025ರ ಜುಲೈನಿಂದ ಲೋನ್ ಆಪ್‌ಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಒಂದು ಮಾತು ನೆನಪಿರಲಿ, ಆಪ್‌ಗಳ ಪಟ್ಟಿಯಲ್ಲಿರುವುದು ಕಂಪನಿಗಳೇ ಕೊಟ್ಟ ಮಾಹಿತಿ. ಹೆಸರು ಇದೆ ಅಂದ ಮಾತ್ರಕ್ಕೆ ಆ ಆಪ್ ಒಳ್ಳೆಯದು ಅಂತ ರಿಸರ್ವ್ ಬ್ಯಾಂಕ್ ಸರ್ಟಿಫಿಕೇಟ್ ಕೊಟ್ಟಂತೆ ಅಲ್ಲ.

ಎಷ್ಟು ಹುಡುಕಿದರೂ ಕಂಪನಿಯ ಹೆಸರೇ ಸಿಗಲಿಲ್ಲವೇ? ಹತ್ತು ಸಾವಿರ ಸಾಲ ಅಂತ ತೋರಿಸಿ ಆರೂವರೆ ಸಾವಿರ ಮಾತ್ರ ಖಾತೆಗೆ ಹಾಕಿ, ಏಳು ದಿನಕ್ಕೆ ಪೂರ್ತಿ ಹತ್ತು ಸಾವಿರ ಕೇಳುತ್ತಿದ್ದಾರೆಯೇ? ಆರೂವರೆ ಸಾವಿರಕ್ಕೆ ಒಂದೇ ವಾರದಲ್ಲಿ ಮೂರೂವರೆ ಸಾವಿರ ಅಂದರೆ ನೂರಕ್ಕೆ 54ರ ಹತ್ತಿರ. ಮೀಟರ್ ಬಡ್ಡಿಯವರೂ ನಾಚಬೇಕು. ಇಂಥದ್ದನ್ನು ಸಾಲದ ಸಮಸ್ಯೆ ಅಂತ ನೋಡಬೇಡಿ, ಸೈಬರ್ ಅಪರಾಧ ಅಂತ ನೋಡಿ. ಇವರ ಜೊತೆ ಸೆಟಲ್‌ಮೆಂಟ್ ಮಾತುಕತೆ ದಂಡ. ಒಮ್ಮೆ ಕಟ್ಟಿದರೆ ‘ಇವನು ಹೆದರುತ್ತಾನೆ’ ಅಂತ ಗೊತ್ತಾಗಿ ಮತ್ತೆ ಕೇಳುತ್ತಾರೆ. ನೇರ ಏಳನೇ ಹೆಜ್ಜೆಗೆ ಹೋಗಿ.

ಹೆಜ್ಜೆ 2: ನಿಜವಾದ ಬಾಕಿ ಎಷ್ಟು?

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಸಾಲಕ್ಕೆ ಒಂದು ಪುಟ. ಕೈಗೆ ಬಂದ ಹಣ, ಈವರೆಗೆ ಕಟ್ಟಿದ್ದು, ಯಾವ ತಾರೀಖಿಗೆ ಕಂತು ತಪ್ಪಿತು, ಈಗ ಎಷ್ಟು ಕೇಳುತ್ತಿದ್ದಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕಕ್ಕೆ ಇಟ್ಟುಕೊಂಡೇ ಬರೆಯಿರಿ. ನೆನಪಿನಿಂದ ಬರೆದರೆ ಲೆಕ್ಕ ಯಾವಾಗಲೂ ತಪ್ಪುತ್ತದೆ.

ಆಮೇಲೆ ಕಂಪನಿಯಿಂದ ಪೂರ್ತಿ ಲೆಕ್ಕ ಕೇಳಿ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು ಅಂತ ಬೇರೆ ಬೇರೆಯಾಗಿ ಇರಬೇಕು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಕಂತು ತಪ್ಪಿದ್ದಕ್ಕೆ ‘ದಂಡ ಬಡ್ಡಿ’ ಹಾಕುವಂತಿಲ್ಲ. ದಂಡ ಶುಲ್ಕ ಮಾತ್ರ ಹಾಕಬಹುದು. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಕಟ್ಟಿಸುವಂತೆಯೂ ಇಲ್ಲ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ. ಫೋನಿನಲ್ಲಿ ಒಬ್ಬ 18 ಸಾವಿರ ಅನ್ನುತ್ತಾನೆ, ಮರುದಿನ ಇನ್ನೊಬ್ಬ 23 ಸಾವಿರ ಅನ್ನುತ್ತಾನೆ. ಬರಹದಲ್ಲಿ ಲೆಕ್ಕ ಕೇಳಿದ ಮೇಲೆ ಈ ಹರಾಜು ನಿಲ್ಲುತ್ತದೆ.

ಹೆಜ್ಜೆ 3: ಖಾತೆ ಮತ್ತು ಫೋನ್ ಎರಡಕ್ಕೂ ಬೀಗ

ಸಾಲ ತೆಗೆಯುವಾಗ ಆಟೋ ಡೆಬಿಟ್‌ಗೆ ಒಪ್ಪಿಗೆ ಕೊಟ್ಟಿರುತ್ತೀರಿ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಪ್ರತಿ ಸಲ ಬೌನ್ಸ್ ಆದಾಗ ಬ್ಯಾಂಕ್ ಒಂದು ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರು ಇನ್ನೊಂದು. ಸಂಬಳ ಬಿದ್ದ ತಕ್ಷಣ ಎಲ್ಲ ಎಳೆದುಕೊಂಡರೆ ಬಾಡಿಗೆಗೂ ಹಣ ಇರುವುದಿಲ್ಲ. ಯುಪಿಐ ಆಟೋಪೇ ಆಗಿದ್ದರೆ ನಿಮ್ಮ ಯುಪಿಐ ಆಪ್‌ನಲ್ಲೇ ರದ್ದು ಮಾಡಬಹುದು. ಬ್ಯಾಂಕಿನ ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ತಾನಾಗಿ ಹೋಗಲು ಬ್ಯಾಂಕಿಗೆ ಕೊಟ್ಟ ಒಪ್ಪಿಗೆ, ಆಗಿದ್ದರೆ ಶಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಇದನ್ನು ಯೋಚಿಸಿ ಮಾಡಿ. ಖಾತೆಯಲ್ಲಿ ಹಣ ಸಾಕಾಗದೆ ಮ್ಯಾಂಡೇಟ್ ಬೌನ್ಸ್ ಆದರೆ 2007ರ ಪೇಮೆಂಟ್ ಮತ್ತು ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಅಡಿ ಕೇಸ್ ಹಾಕಬಹುದು. ಚೆಕ್ ಬೌನ್ಸ್‌ಗೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇದ್ದಂತೆಯೇ ಇದು. ಸುಮ್ನೆ ರದ್ದು ಮಾಡಿ ಕೂರಬೇಡಿ. ರದ್ದು ಮಾಡಿದ ದಿನವೇ ಕಂಪನಿಗೆ ಐದನೇ ಹೆಜ್ಜೆಯ ಇಮೇಲ್ ಹೋಗಲಿ. ಹಣ ನುಂಗುವ ಉದ್ದೇಶ ಇಲ್ಲ, ಕಟ್ಟುವ ದಾರಿ ಕೇಳುತ್ತಿದ್ದೀರಿ ಅನ್ನುವುದಕ್ಕೆ ಅದೇ ದಾಖಲೆ.

ಈಗ ಫೋನ್. ಆಪ್ ತೆಗೆದು ಹಾಕುವ ಮುಂಚೆ ಸಾಲದ ವಿವರ, ಕಟ್ಟಿದ ರಸೀದಿ, ಕರಾರು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಸಿಟ್ಟಿನಲ್ಲಿ ಮೊದಲು ಅನ್‌ಇನ್‌ಸ್ಟಾಲ್ ಮಾಡಿ ಆಮೇಲೆ ದಾಖಲೆ ಇಲ್ಲ ಅಂತ ಪರದಾಡುವವರೇ ಜಾಸ್ತಿ. ಸೆಟ್ಟಿಂಗ್ಸ್‌ಗೆ ಹೋಗಿ ಕಾಂಟ್ಯಾಕ್ಟ್, ಗ್ಯಾಲರಿ, ಎಸ್‌ಎಂಎಸ್, ಕರೆಗಳ ಅನುಮತಿ ತೆಗೆಯಿರಿ. ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ಪಟ್ಟಿ, ಫೋಟೋಗಳಿಗೆ ಸಾಲದ ಆಪ್ ಕೈ ಹಾಕುವಂತೆಯೇ ಇಲ್ಲ ಅಂತ 2022ರಿಂದಲೂ ನಿಯಮವಿದೆ. ನಿಮ್ಮ ಪಟ್ಟಿಯಲ್ಲಿರುವವರಿಗೆ ಕರೆ ಹೋಗುತ್ತಿದ್ದರೆ ನಿಯಮ ಮುರಿದದ್ದಕ್ಕೆ ಅದೇ ಮೊದಲ ಸುಳಿವು.

ಇನ್ನೊಂದು ಕೆಲಸ ಇದೆ, ಕಷ್ಟದ್ದು. ಮನೆಯವರಿಗೆ, ಹತ್ತಿರದ ಇಬ್ಬರು ಗೆಳೆಯರಿಗೆ ನೀವೇ ಮೊದಲು ಹೇಳಿಬಿಡಿ. ‘ಹೀಗೆ ಒಂದು ಸಾಲ ನಿಂತಿದೆ, ನಿಮಗೆ ಫೋನ್ ಬರಬಹುದು. ಏನೂ ಮಾತಾಡಬೇಡಿ, ಸ್ಕ್ರೀನ್‌ಶಾಟ್ ಮಾತ್ರ ಕಳಿಸಿ.’ ಗುಟ್ಟು ಬಯಲಾಗುತ್ತದೆ ಅನ್ನುವ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರ ಹತ್ತಿರ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ, ಅಲ್ವಾ?

ಹೆಜ್ಜೆ 4: ಕರೆ ಬಂದಾಗ ಏನು ಹೇಳಬೇಕು

ಎಲ್ಲ ಕರೆ ತೆಗೆಯಬೇಕಿಲ್ಲ. ಎಲ್ಲವನ್ನೂ ಕತ್ತರಿಸುವುದೂ ಬೇಡ. ಒಂದೆರಡು ಕರೆ ತೆಗೆದು ನೆಟ್ಟಗೆ ಉತ್ತರ ಕೊಟ್ಟರೆ ಸಾಕು. ರೆಕಾರ್ಡಿಂಗ್ ಆನ್ ಮಾಡಿ, ಮಾಡಿದ್ದೇನೆ ಅಂತ ಹೇಳಿಯೂ ಬಿಡಿ. ಅಲ್ಲಿಯವರೆಗೆ ‘ಏಯ್’ ಅನ್ನುತ್ತಿದ್ದವನು ‘ಸರ್’ ಅಂತ ಶುರು ಮಾಡುವುದುಂಟು.

‘ನಿಮ್ಮ ಹೆಸರು, ಏಜೆನ್ಸಿ ಹೆಸರು, ಯಾವ ಕಂಪನಿಯ ಪರವಾಗಿ ಕರೆ ಮಾಡಿದ್ದೀರಿ ಹೇಳಿ.’

‘ನಿಮ್ಮನ್ನು ನೇಮಿಸಿದ ಬಗ್ಗೆ ಕಂಪನಿಯಿಂದ ನನಗೆ ಮೆಸೇಜ್ ಬಂದಿಲ್ಲ. ಅದು ಬರಲಿ, ಆಮೇಲೆ ಮಾತಾಡೋಣ.’

‘ಸಾಲ ಇಲ್ಲ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಇಮೇಲ್ ಮಾಡಿ. ಉತ್ತರ ಬರಹದಲ್ಲೇ ಕೊಡುತ್ತೇನೆ.’

ಇಷ್ಟೇ. ಎರಡನೇ ಸಾಲು ಸುಮ್ಮನೆ ಬರೆದದ್ದಲ್ಲ. ಆಪ್ ಮೂಲಕ ಕೊಟ್ಟ ಸಾಲಕ್ಕೆ ವಸೂಲಿ ಏಜೆಂಟನನ್ನು ನೇಮಿಸಿದರೆ, ಆತ ನಿಮ್ಮನ್ನು ಸಂಪರ್ಕಿಸುವ ಮುಂಚೆಯೇ ಅವನ ವಿವರವನ್ನು ಕಂಪನಿ ಎಸ್‌ಎಂಎಸ್ ಅಥವಾ ಇಮೇಲ್‌ನಲ್ಲಿ ತಿಳಿಸಬೇಕು.

ಹೇಳಬಾರದ್ದೂ ಇವೆ. ‘ನಾಳೆ ಖಂಡಿತ ಕಟ್ಟುತ್ತೇನೆ’ ಅನ್ನಬೇಡಿ, ಹಣ ಕೈಯಲ್ಲಿಲ್ಲದಿದ್ದರೆ. ಕರೆ ಮುಗಿಯಲಿ ಅಂತ ಹೇಳಿದ ಈ ಮಾತು ಮರುದಿನದ ಹತ್ತು ಕರೆಗೆ ಕಾರಣವಾಗುತ್ತದೆ. ಸಂಬಳದ ದಿನ, ಹೆಂಡತಿ ಅಥವಾ ಗಂಡನ ನಂಬರ್, ಒಟಿಪಿ ಯಾವುದನ್ನೂ ಕೊಡಬೇಡಿ. ಬೈದರೆ ತಿರುಗಿ ಬೈಯಬೇಡಿ. ರೆಕಾರ್ಡ್ ಆಗುತ್ತಿರುವುದು ನಿಮ್ಮ ದನಿಯೂ ಹೌದು.

ಹೊತ್ತಿಗೂ ಮಿತಿ ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆಯಲ್ಲಿ ಬಂದ ನಿಯಮ ಇದು. ಮೈಕ್ರೋಫೈನಾನ್ಸ್ ಸಾಲವಾದರೆ ಬೆಳಿಗ್ಗೆ 9ರಿಂದ ಸಂಜೆ 6 ಮಾತ್ರ. ಬೈಯುವುದು, ನಾಲ್ಕು ಜನರ ಮುಂದೆ ಮಾನ ತೆಗೆಯುವುದು, ಮನೆಯವರಿಗೆ, ಗೆಳೆಯರಿಗೆ ಕಾಟ ಕೊಡುವುದು, ಹೆಸರು ಹೇಳದೆ ಬೆದರಿಸುವುದು, ಮೇಲಿಂದ ಮೇಲೆ ಕರೆ ಮಾಡುವುದು, ಸುಳ್ಳು ಹೇಳಿ ಹೆದರಿಸುವುದು ಎಲ್ಲವೂ ಆ ನಿಯಮದಲ್ಲಿ ನಿಷಿದ್ಧ. ಏಜೆಂಟ್ ಹೊರಗುತ್ತಿಗೆಯವನು ಅಂತ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ. ಅವನು ಮಾಡಿದ್ದಕ್ಕೆ ಕಂಪನಿಯೇ ಹೊಣೆ.

ಪ್ರತಿ ಕರೆಯ ತಾರೀಖು, ಹೊತ್ತು, ನಂಬರ್, ಏನು ಹೇಳಿದ ಅನ್ನುವುದು ಅದೇ ನೋಟ್‌ಬುಕ್‌ನಲ್ಲಿ ಸೇರಲಿ.

ಹೆಜ್ಜೆ 5: ಒಂದು ಇಮೇಲ್ ಬರೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಬೆಲೆ ಇರುವುದು ಇದಕ್ಕೆ. ಕಂಪನಿಯ ದೂರು ಅಧಿಕಾರಿಗೆ ಕಳಿಸಿ. ಏಜೆನ್ಸಿಗಲ್ಲ, ಆಪ್‌ನ ಚಾಟ್‌ಗೂ ಅಲ್ಲ. ಕಾನೂನಿನ ಭಾಷೆ ಬೇಡ. ಹೀಗೆ ಬರೆದರೆ ಸಾಕು:

‘ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಕೆಲಸ ಹೋದ ಕಾರಣ ಇಂಥ ತಾರೀಖಿನ ಕಂತು ಕಟ್ಟಲು ಆಗಲಿಲ್ಲ. ಸಾಲ ತೀರಿಸುವ ಮನಸ್ಸಿದೆ. ಅಸಲು, ಬಡ್ಡಿ, ಶುಲ್ಕಗಳನ್ನು ಬೇರೆ ಬೇರೆ ತೋರಿಸಿ ಇಂದಿನವರೆಗಿನ ಲೆಕ್ಕ ಕಳಿಸಿ. ತಿಂಗಳಿಗೆ ಇಷ್ಟು ರೂಪಾಯಿಯಂತೆ ಇಷ್ಟು ತಿಂಗಳು ಕಟ್ಟಲು ಅವಕಾಶ ಕೊಡಿ. ಇಂಥ ದಿನ, ಇಂಥ ಹೊತ್ತಿಗೆ, ಈ ನಂಬರ್‌ಗಳಿಂದ ನನ್ನ ಮನೆಯವರಿಗೆ ಕರೆ ಬಂದಿದೆ. ಅದನ್ನು ನಿಲ್ಲಿಸಿ. ಇನ್ನು ಮುಂದೆ ಈ ಇಮೇಲ್ ಮೂಲಕ ಸಂಪರ್ಕಿಸಿ.’

ಬಿಟ್ಟ ಜಾಗದಲ್ಲಿ ನಿಮ್ಮ ನಿಜವಾದ ಕಾರಣ, ನಿಜವಾಗಿ ಕಟ್ಟಬಹುದಾದ ಮೊತ್ತ ಹಾಕಿ. ತಿಂಗಳಿಗೆ ಎರಡು ಸಾವಿರ ಮಾತ್ರ ಸಾಧ್ಯ ಅಂದರೆ ಎರಡು ಸಾವಿರವೇ. ಐದು ಅಂತ ಬರೆದು ಎರಡನೇ ತಿಂಗಳೇ ತಪ್ಪಿಸಿದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ.

ಹೆಜ್ಜೆ 6: ಬೆದರಿಕೆಯಲ್ಲಿ ಯಾವುದು ಟೊಳ್ಳು, ಯಾವುದು ಗಟ್ಟಿ

‘ನಿನ್ನ ಮೇಲೆ ಅರೆಸ್ಟ್ ವಾರಂಟ್ ಬಂದಿದೆ, ಎರಡು ಗಂಟೆಯಲ್ಲಿ ಪೊಲೀಸ್ ಬರುತ್ತಾರೆ.’ ಟೊಳ್ಳು. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ. ಅದಕ್ಕೆ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ವಾರಂಟ್ ಕೊಡುವುದು ನ್ಯಾಯಾಲಯ, ವಾಟ್ಸಾಪ್ ಅಲ್ಲ. ಸುಳ್ಳು ದಾಖಲೆ ಕೊಟ್ಟು ಸಾಲ ಪಡೆದಿದ್ದರೆ, ಚೆಕ್ ಅಥವಾ ಮ್ಯಾಂಡೇಟ್ ಬೌನ್ಸ್ ಕೇಸ್ ನಡೆಯುತ್ತಿದ್ದು ಸಮನ್ಸ್‌ಗೆ ಹಾಜರಾಗದಿದ್ದರೆ ಮಾತು ಬೇರೆ. ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟು ‘ಡಿಜಿಟಲ್ ಅರೆಸ್ಟ್’ ಅನ್ನುವವನು ಕಳ್ಳ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ.

‘ನಿನ್ನ ಸಂಬಳ ನಿಲ್ಲಿಸುತ್ತೇವೆ.’ ಇದು ಅರ್ಧ ಟೊಳ್ಳು. ಏಜೆಂಟ್ ಎಚ್‌ಆರ್‌ಗೆ ಮೇಲ್ ಮಾಡಿದರೆ ಸಂಬಳ ನಿಲ್ಲುವುದಿಲ್ಲ. ನ್ಯಾಯಾಲಯ ಡಿಕ್ರಿ, ಅಂದರೆ ಹಣ ಕಟ್ಟಬೇಕು ಅನ್ನುವ ತೀರ್ಪು, ಕೊಟ್ಟ ಮೇಲೆ ಮಾತ್ರ ಜಪ್ತಿ ಸಾಧ್ಯ. ಆಗಲೂ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ.

‘ಸಿಬಿಲ್ ಹಾಳಾಗುತ್ತದೆ.’ ಇದು ಗಟ್ಟಿ. ಸಿಬಿಲ್ ಅಂದರೆ ನೀವು ಸಾಲ ಹೇಗೆ ಕಟ್ಟಿದಿರಿ ಅಂತ ದಾಖಲಿಸಿ ಅಂಕ (ಸ್ಕೋರ್) ಕೊಡುವ ಸಂಸ್ಥೆ. ನೋಂದಣಿಯಾದ ಕಂಪನಿಯ ಸಾಲವಾದರೆ ಕಂತು ತಪ್ಪಿದ್ದು ವರದಿಯಲ್ಲಿ ಬಂದೇ ಬರುತ್ತದೆ. ಅದನ್ನು ಒಪ್ಪಿಕೊಂಡು ಮುಂದೆ ಹೋಗಿ. ಸ್ಕೋರ್ ಉಳಿಸಲು ಅಂತ ಹೊಸ ಸಾಲ ತೆಗೆದು ಹಳೆಯದಕ್ಕೆ ಹಾಕುವುದು ಬಾವಿಯಿಂದ ಹೊರಬರಲು ಇನ್ನಷ್ಟು ಆಳ ತೋಡಿದಂತೆ.

‘ನಿನ್ನ ಫೋಟೋ ಬೆತ್ತಲೆ ಮಾಡಿ ಎಲ್ಲರಿಗೂ ಕಳಿಸುತ್ತೇವೆ.’ ಹೀಗೆ ಹೇಳಿದ ಕ್ಷಣ ಅದು ಸಾಲದ ವಿಷಯ ಆಗಿ ಉಳಿಯಲಿಲ್ಲ. ಸುಲಿಗೆ, ಬೆದರಿಕೆ, ಅಶ್ಲೀಲ ಚಿತ್ರ ಹಂಚುವುದು ಭಾರತೀಯ ನ್ಯಾಯ ಸಂಹಿತೆ, ಐಟಿ ಕಾಯ್ದೆಗಳಲ್ಲಿ ಅಪರಾಧ. ಒಂದು ರೂಪಾಯಿಯೂ ಕಳಿಸಬೇಡಿ. ಅದೇ ದಿನ ದೂರು ಕೊಡಿ. ಇಂಥ ಕಾಟಕ್ಕೆ ಜೀವ ಬಿಟ್ಟವರ ಸುದ್ದಿ ನೀವೂ ಓದಿರುತ್ತೀರಿ. ರಾತ್ರಿ ನಿದ್ದೆ ಬಾರದೆ ಕೆಟ್ಟ ಯೋಚನೆ ಬಂದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮನೆಗೇ ಬಂದರೆ? ಗುರುತಿನ ಚೀಟಿ ಮತ್ತು ಕಂಪನಿ ಕೊಟ್ಟ ಅಧಿಕಾರ ಪತ್ರ ಕೇಳಿ, ಫೋಟೋ ತೆಗೆದುಕೊಳ್ಳಿ. ಒಳಗೆ ಕರೆಯಬೇಕಿಲ್ಲ, ಬಾಗಿಲಲ್ಲೇ ಮಾತಾಡಿ. ಟಿವಿ, ಬೈಕ್, ಒಡವೆ ಎತ್ತಿಕೊಂಡು ಹೋಗುವ ಹಕ್ಕು ಅವರಿಗಿಲ್ಲ. ನೀವು ತೆಗೆದದ್ದು ಅಡವಿಲ್ಲದ ಸಾಲ. ಗಲಾಟೆ ಶುರುವಾದರೆ 112.

ಹೆಜ್ಜೆ 7: ದೂರು ಎಲ್ಲಿ ಕೊಡಬೇಕು

ನೋಂದಣಿಯಾದ ಕಂಪನಿಯಾದರೆ ಮೊದಲ ದೂರು ಕಂಪನಿಗೇ. 30 ದಿನ ಕಾಯಿರಿ. ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು. ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ಸಲ್ಲಿಸಬಹುದು, ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಇಲ್ಲಿ ಸೋಲುವವರು ಬಹುತೇಕ ಕಂಪನಿಗೆ ಮೊದಲು ದೂರು ಕೊಡದೆ ನೇರ ಹೋದವರು. ಐದನೇ ಹೆಜ್ಜೆಯ ಇಮೇಲ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹೆಸರಿಲ್ಲದ ಆಪ್ ಅಥವಾ ಫೋಟೋ ಬೆದರಿಕೆಗೆ 30 ದಿನ ಕಾಯುವ ಮಾತಿಲ್ಲ. 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ, ನಂತರ ಠಾಣೆಗೆ ಹೋಗಿ. ಸ್ಕ್ರೀನ್‌ಶಾಟ್, ನಂಬರ್‌ಗಳು, ಯುಪಿಐ ಐಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ ಒಯ್ಯಿರಿ. ‘ಇದು ಸಾಲದ ವಿಷಯ, ನೀವೇ ಬಗೆಹರಿಸಿಕೊಳ್ಳಿ’ ಅಂದರೆ, ‘ಸಾರ್, ಸಾಲದ ಬಗ್ಗೆ ಅಲ್ಲ, ಬೆದರಿಕೆ ಬಗ್ಗೆ ದೂರು’ ಅಂತ ಹೇಳಿ, ಲಿಖಿತ ದೂರು ಕೊಟ್ಟು ಹಿಂಬರಹ ಕೇಳಿ. ನೋಂದಣಿ ಇಲ್ಲದೆ ಸಾಲ ಕೊಡುವವರ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲೂ ತಿಳಿಸಬಹುದು.

ಕರ್ನಾಟಕದಲ್ಲಿ ಇನ್ನೊಂದು ಆಸರೆ ಇದೆ. ಮೈಕ್ರೋಫೈನಾನ್ಸ್ ಕಿರುಕುಳದ ಗಲಾಟೆ ಜೋರಾದಾಗ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ರೈತರು, ಮಹಿಳೆಯರು, ಸ್ವಸಹಾಯ ಸಂಘದಂಥವರನ್ನು ಮುಖ್ಯವಾಗಿ ಇಟ್ಟುಕೊಂಡು ಮಾಡಿದ್ದು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕ್, ಎನ್‌ಬಿಎಫ್‌ಸಿಗಳಿಗೆ ಇದು ಅನ್ವಯಿಸುವುದಿಲ್ಲ, ಅವರಿಗೆ ಓಂಬುಡ್ಸ್‌ಮನ್ ದಾರಿಯೇ ಸರಿ. ಮೊದಲ ಹೆಜ್ಜೆಯಲ್ಲಿ ಅಷ್ಟು ಹುಡುಕಾಡಿಸಿದ್ದು ಇದಕ್ಕೇ.

ಹೆಜ್ಜೆ 8: ನಿಜವಾದ ನೋಟಿಸ್ ಬಂದರೆ

ವಾಟ್ಸಾಪ್‌ನಲ್ಲಿ ಅಶೋಕ ಸ್ತಂಭ, ತಕ್ಕಡಿ ಚಿತ್ರ ಎಲ್ಲ ಸೇರಿಸಿ ಕಳಿಸುವ ‘ಫೈನಲ್ ನೋಟಿಸ್’ಗಳಲ್ಲಿ ಬಹಳಷ್ಟು ಬರೀ ಅಲಂಕಾರ. ಆದರೂ ಓದದೆ ಎಸೆಯಬೇಡಿ. ವಕೀಲರ ಹೆಸರು, ತಾರೀಖು, ಕೇಸ್ ನಂಬರ್ ನೋಡಿ. ನ್ಯಾಯಾಲಯದ ಕೇಸ್ ನಂಬರ್ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ನೀವೇ ಪರೀಕ್ಷಿಸಬಹುದು. ಬೌನ್ಸ್ ಬಗ್ಗೆ ನೋಟಿಸ್ ಬಂದರೆ ಹಣ ಕಟ್ಟಲು ಕೈಗೆ ಸಿಕ್ಕ ದಿನದಿಂದ 15 ದಿನ ಇರುತ್ತದೆ. ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಶನ್ ನೋಟಿಸ್ ಇನ್ನೂ ಅಪಾಯ. ಉತ್ತರ ಕೊಡದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು. ಲೋಕ ಅದಾಲತ್ ನೋಟಿಸ್ ನೋಡಿ ಮಾತ್ರ ಹೆದರಬೇಡಿ. ಅಲ್ಲಿ ಎರಡೂ ಕಡೆ ಒಪ್ಪಿದರೆ ಮಾತ್ರ ರಾಜಿ, ಕಂತು ಕಡಿಮೆ ಮಾಡಿಸಿಕೊಳ್ಳಲು ಅದು ಒಳ್ಳೆಯ ಜಾಗವೇ. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕಡಿಮೆ ಆದಾಯದವರಿಗೆ ಉಚಿತ ನೆರವು ಸಿಗುತ್ತದೆ.

ಹೆಜ್ಜೆ 9: ಸೆಟಲ್‌ಮೆಂಟ್ ಮತ್ತು ಕೊನೆಯ ಕಾಗದ

ಕೆಲವು ತಿಂಗಳು ಕಳೆದ ಮೇಲೆ ‘ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ’ ಅನ್ನುವ ಮಾತು ಬರುತ್ತದೆ. ಕೇಳಲು ಹಿತ. ಆದರೆ ವರದಿಯಲ್ಲಿ ಅದು ‘ಸೆಟಲ್ಡ್’ ಅಂತ ಕೂರುತ್ತದೆ, ‘ಕ್ಲೋಸ್ಡ್’ ಅಂತಲ್ಲ. ಮುಂದೆ ಮನೆ ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ನೋಡುವುದು ಆ ಪದವನ್ನೇ. ಬಾಕಿ ಚಿಕ್ಕದಿದ್ದು ಎಂಟು ಹತ್ತು ತಿಂಗಳಲ್ಲಿ ತೀರುವಂತಿದ್ದರೆ ಪೂರ್ತಿ ಕಟ್ಟಿ ಕ್ಲೋಸ್ ಮಾಡಿಸುವುದೇ ಮೇಲು ಅಂತ ನನಗೆ ಅನಿಸುತ್ತದೆ. ನಾಲ್ಕೈದು ಸಾಲ ಸೇರಿ ಉಸಿರು ಕಟ್ಟಿದ್ದರೆ ಸೆಟಲ್‌ಮೆಂಟ್‌ಗೆ ನಾಚಬೇಕಿಲ್ಲ.

ಯಾವ ದಾರಿಯಾದರೂ, ಕಾಗದ ಮೊದಲು, ಹಣ ಆಮೇಲೆ. ಕಂಪನಿಯ ಅಧಿಕೃತ ಇಮೇಲ್‌ನಿಂದ ಸಾಲದ ಸಂಖ್ಯೆ, ಕಟ್ಟಬೇಕಾದ ಮೊತ್ತ, ಕೊನೆಯ ತಾರೀಖು, ಅದರ ನಂತರ ಬಾಕಿ ಇಲ್ಲ ಅನ್ನುವ ಮಾತು ಇರುವ ಪತ್ರ ಬರಬೇಕು. ಹಣ ಹೋಗಬೇಕಾದ್ದು ಕಂಪನಿಯ ಖಾತೆಗೆ. ಏಜೆಂಟನ ಸ್ವಂತ ಯುಪಿಐಗೆ ಹಾಕಿ ಮೋಸ ಹೋದರೆ ಸಾಲ ಹಾಗೆಯೇ ಉಳಿಯುತ್ತದೆ. ನಗದು ಕೊಟ್ಟರೆ ಅಲ್ಲೇ ಕಂಪನಿಯ ರಸೀದಿ.

ಕಟ್ಟಿದ ಮೇಲೆ ಎನ್‌ಒಸಿ, ಅಂದರೆ ಇನ್ನು ಬಾಕಿ ಇಲ್ಲ ಅನ್ನುವ ಪತ್ರ, ಕೇಳಿ ಪಡೆಯಿರಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಕೂಡ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಹಾಕಿ. 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.

ಎನ್‌ಒಸಿಯನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ನಿಮಗೇ ಇಮೇಲ್ ಮಾಡಿಕೊಳ್ಳಿ, ಒಂದು ಪ್ರಿಂಟ್ ಆ ನೋಟ್‌ಬುಕ್‌ನಲ್ಲಿ ಅಂಟಿಸಿಡಿ. ಹಳೆಯ ಬಾಕಿಗಳ ಪಟ್ಟಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ಮಾರಾಟವಾಗುತ್ತದೆ. ಎರಡು ವರ್ಷ ಬಿಟ್ಟು ಹೊಸ ಏಜೆನ್ಸಿಯವನೊಬ್ಬ ಇದೇ ಸಾಲದ ನಂಬರ್ ಹಿಡಿದು ಕರೆ ಮಾಡಿದರೆ, ಅವನ ಹೆಸರು, ಕಂಪನಿಯ ಇಮೇಲ್ ಕೇಳಿಕೊಂಡು ಆ ಪುಟದ ಫೋಟೋ ಕಳಿಸಿ.